ಮುಟ್ಟಿದ ಮೇಲಿನ ರೊಟ್ಟಿ

ನಮ್ಮ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಒಬ್ಬರೇ ಜೊತೆಗಾರರು ಎಂಬ ನಿಯಮವಿತ್ತು. ಹಳದಿ ರಟ್ಟಿನ ಪಾಸು, ಅದಕ್ಕೊಂದು ದಾರ. ಕೊರಳಿಗೆ ಹಾಕಿಕೊಂಡವರಿಗೆ ಮಾತ್ರ ವಾರ್ಡಿನೊಳಗೆ ಪ್ರವೇಶ. ಆ ಪಾಸನ್ನು ಹೆಂಡಂದಿರಿಗೆ, ಗಂಡಂದಿರಿಗೆ, ಸೊಸೆಯಂದಿರಿಗೆ, ಜಗಳ ಕಾಯುತ್ತ ಬಂದ ಬೀಗರಿಗೆ, ಎಷ್ಟು ಮಂದಿಗೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಒಂದೇ ಒಂದನ್ನು ನಾಯಿಯ ಕೊರಳಿಗೆ ಕಟ್ಟಿದೆ. ಅದನ್ನು ಕಟ್ಟಿದವಳೂ ನಾನೇ, ಆ ನಾಯಿಯನ್ನು ಕೆಡಿಸಿದವಳೂ ನಾನೇ.

ನಾನು ನರ್ಸು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕುಗಳ ನಡುವೆಯೇ ವರ್ಗವಾಗುತ್ತ ಮೂವತ್ತು ವರ್ಷ ತೆಗೆದವಳು. ಇದು ಯಾವ ಊರಿನ ಆಸ್ಪತ್ರೆಯ ಕಥೆ ಎಂದು ಹೇಳುವುದಿಲ್ಲ, ಹೇಳಿದರೆ ಅಲ್ಲಿಯವರು ನಾಳೆಯೇ ಫೋನು ಹಚ್ಚುತ್ತಾರೆ. ನನ್ನ ಬಾಯಿ ಜೋರು ಎಂದು ಎಲ್ಲ ಕಡೆಯೂ ಹೆಸರಿತ್ತು. ಹೊಸ ಡಾಕ್ಟರುಗಳು ಬಂದ ಮೊದಲ ವಾರವೇ ಯಾರೋ ಅವರ ಕಿವಿಯಲ್ಲಿ ಹೇಳಿಬಿಡುತ್ತಿದ್ದರು. ನನಗೇನೂ ಬೇಜಾರಿರಲಿಲ್ಲ, ಬಾಯಿ ಜೋರಿಲ್ಲದೆ ಮೂವತ್ತು ಹಾಸಿಗೆಯ ಗಂಡಸರ ವಾರ್ಡನ್ನು ಯಾರೂ ನಡೆಸಲಾರರು.

ಆತ ಬಂದದ್ದು ಬೇಸಿಗೆಯ ಒಂದು ಬೆಳಿಗ್ಗೆ. ಅರವತ್ತರ ಆಸುಪಾಸಿನ ಕುರುಡ, ನವಿಲುತೀರ್ಥದ ಕಾಲುವೆ ಹಾಯ್ದು ಹೋಗುವ ಒಂದು ಹಳ್ಳಿಯವನು. ಬಲಗಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದ. ಕಾಲುವೆಯ ದಂಡೆಯಲ್ಲಿ ಜಾಲಿ ಮುಳ್ಳು ಚುಚ್ಚಿತ್ತು, ಶುಗರ್ ಇದ್ದದ್ದರಿಂದ ಅದು ತಿಳಿದಿರಲಿಲ್ಲ, ತಿಳಿಯುವ ಹೊತ್ತಿಗೆ ಅಂಗಾಲು ಕೀವು ತುಂಬಿತ್ತು. ಬಲಗೈಯಲ್ಲಿ ಕೋಲು. ಎಡಗೈಯಲ್ಲಿ ಒಂದು ಮೊಳದಷ್ಟು ಗಟ್ಟಿ ಹಗ್ಗ, ಹಗ್ಗದ ತುದಿಗೆ ಕಂದು ಬಣ್ಣದ ಹೆಣ್ಣು ನಾಯಿ. ಒಂದು ಕಿವಿ ಹರಿದಿತ್ತು. ಯಾವ ಊರ ಓಣಿಯಲ್ಲಾದರೂ ಕಾಣುವ ನಾಯಿ, ನೀವಾದರೆ ಎರಡನೇ ಸಲ ನೋಡುವುದಿಲ್ಲ.

ವಾಚ್‌ಮನ್ ಬಾಗಿಲಲ್ಲೇ ತಡೆದ. ಕುರುಡ ಜಗಳಾಡಲಿಲ್ಲ. ಮೆಟ್ಟಿಲ ಮೇಲೆ ಕುಳಿತುಬಿಟ್ಟ. ನಾನು ಹೋಗಿ ವಿಚಾರಿಸಿದರೆ, "ಅಕಿ ಹೊರಗಂದ್ರ ನಾನೂ ಹೊರಗರಿ ಬಾಯಾರ. ಇಲ್ಲೇ ಮೆಟ್ಟಲದ ಮ್ಯಾಗ ಪಟ್ಟಿ ಕಟ್ರಿ, ಹೋಗ್ತೇನಿ" ಎಂದ. ನಮ್ಮ ಕಡೆ ನರ್ಸಿಗೆ ಬಾಯಾರು ಎನ್ನುವುದು.

ಪಟ್ಟಿ ಕಟ್ಟಿ ಕಳಿಸುವ ಗಾಯವಾಗಿರಲಿಲ್ಲ ಅದು. ಹತ್ತು ದಿನ ಸಲಾಯಿನ್ನು, ದಿನವೂ ಡ್ರೆಸ್ಸಿಂಗು, ಇಲ್ಲದಿದ್ದರೆ ಕಾಲು ಉಳಿಯುವುದಿಲ್ಲ. ನಮ್ಮ ಡಾಕ್ಟರು ಮೈಸೂರು ಕಡೆಯ ಹುಡುಗ, ಒಳ್ಳೆಯವನು, ನನ್ನ ಮಗನಿಗಿಂತ ಎರಡು ವರ್ಷ ದೊಡ್ಡವನಿರಬೇಕು. ಬಂದು ನೋಡಿ ತಲೆ ಅಲ್ಲಾಡಿಸಿದ.

"ಸಿಸ್ಟರ್, ಇದು ಆಸ್ಪತ್ರೆ. ಇನ್‌ಫೆಕ್ಷನ್ ಆದರೆ ಯಾರು ಜವಾಬ್ದಾರಿ? ತರಬೇತಿ ಕೊಟ್ಟ ನಾಯಿ ಅಂತ ಏನಾದರೂ ಸರ್ಟಿಫಿಕೇಟ್ ಇದೆಯಾ?"

ಕುರುಡ ಮೆಟ್ಟಿಲ ಮೇಲಿಂದಲೇ ಉತ್ತರ ಕೊಟ್ಟ. "ಕಣ್ಣ ಹೋಗಿ ಇಪ್ಪತ್ತೆರಡ ವರ್ಸ ಆತ್ರಿ ಸಾಹೇಬ್ರ. ಇಕಿ ಮೂರನೇದಾಕಿ. ಈ ಇಪ್ಪತ್ತೆರಡ ವರ್ಸದಾಗ ನಾ ಒಂದ ಬಾವ್ಯಾಗ ಬಿದ್ದಿಲ್ಲ, ಒಂದ ಗಾಡಿ ಕೆಳಗ ಸಿಕ್ಕಿಲ್ಲ. ಅದ ನಮ್ಮ ಸರ್ಟಿಫಿಕೇಟರಿ."

ನನಗೆ ಅಲ್ಲಿಯೇ ಆತ ಇಷ್ಟವಾಗಿಬಿಟ್ಟ. ಡಾಕ್ಟರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ನನ್ನ ಬಾಯಿಯ ಉಪಯೋಗ ಮಾಡಿದೆ. ವಾರ್ಡಿಗೆ ಬೆಕ್ಕು ಬರುತ್ತದೆ, ಕಿಟಕಿಯಲ್ಲಿ ಪಾರಿವಾಳ ಮರಿ ಹಾಕಿವೆ, ಹಾಲು ಮಾರುವವನು ಸಗಣಿ ಕಾಲಲ್ಲಿ ಒಳಗೆ ಬರುತ್ತಾನೆ, ಅದನ್ನೆಲ್ಲ ಬಿಟ್ಟು ಈ ಒಂದು ನಾಯಿಯಿಂದಲೇ ಇನ್‌ಫೆಕ್ಷನ್ ಆಗುತ್ತದೆಯೇ ಎಂದು ಕೇಳಿದೆ. ಕಾಲು ಕೊಳೆತು ಕತ್ತರಿಸಬೇಕಾಗಿ ಬಂದರೆ ಆ ಮನುಷ್ಯನಿಗೆ ಕಣ್ಣೂ ಇಲ್ಲ ಕಾಲೂ ಇಲ್ಲ ಎಂದೆ. ಡಾಕ್ಟರು ಹಣೆ ಒತ್ತಿಕೊಂಡು ಒಪ್ಪಿದ, ಆದರೆ ಷರತ್ತು ಹಾಕಿದ. ಪಶು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಆಗಬೇಕು, ಮೈ ತೊಳೆದಿರಬೇಕು, ವರಾಂಡದ ಬಾಗಿಲಿಗೆ ಹತ್ತಿದ ಕಡೆಯ ಹಾಸಿಗೆ, ಡ್ರೆಸ್ಸಿಂಗ್ ಕೋಣೆಗೆ ನಾಯಿ ಬರಕೂಡದು, ಅಕ್ಕಪಕ್ಕದ ರೋಗಿಗಳು ಒಪ್ಪಬೇಕು.

ಇಂಜೆಕ್ಷನ್ ಮಾಡಿಸಿದೆವು. ಮೈ ನಾನೇ ತೊಳೆದೆ, ಬೈಯುತ್ತಲೇ. ಆತ ಸ್ಟೂಲಿನ ಮೇಲೆ ಕಾಲು ಚಾಚಿ ಕುಳಿತು ನಾಯಿಯ ತಲೆ ಹಿಡಿದುಕೊಂಡಿದ್ದ. ಆಮೇಲೆ ಪಾಸಿನ ಪುಸ್ತಕ ತೆಗೆದೆ. ಜೊತೆಗಾರರ ಹೆಸರು ಎಂಬಲ್ಲಿ 'ನಾಯಿ' ಎಂದು ಬರೆದೆ, ಸಂಬಂಧ ಎಂಬಲ್ಲಿ ಏನು ಬರೆಯುವುದೆಂದು ಕೇಳಿದೆ. "ಕಣ್ಣು ಅಂತ ಬರೀರಿ" ಎಂದ. ಹಾಗೆಯೇ ಬರೆದೆ.

ಪಕ್ಕದ ಹಾಸಿಗೆಯಲ್ಲಿ ತೊಡೆಯ ಎಲುಬು ಮುರಿದು ಮಲಗಿದ್ದವರು ಒಬ್ಬ ಮುಸಲ್ಮಾನ ಯಜಮಾನರು, ಲಾರಿ ಓಡಿಸಿ ನಿವೃತ್ತರಾದವರು. ಅವರು ಬೇಡವೆನ್ನುತ್ತಾರೆ ಎಂದೇ ನಾನು ಎಣಿಸಿದ್ದೆ. ಕೇಳಿದಾಗ, "ಇರಲಿ ಬಿಡ್ರಿ ಸಿಸ್ಟರ್. ನನ್ನ ನಮಾಜಿನ ಹೊತ್ತಿಗೆ ಈ ಕಡೆ ಬರಬಾರ್ದು, ಅಷ್ಟ" ಎಂದರು. ನಾಯಿ ಹತ್ತು ದಿನದಲ್ಲಿ ಒಂದು ಸಲವೂ ಆ ಕಡೆ ಹಾಯಲಿಲ್ಲ.

ಮೊದಲ ದಿನವೇ ಆತ ವಾರ್ಡಿಗೆಲ್ಲ ಕೇಳುವಂತೆ ಒಂದು ಮಾತು ಹೇಳಿದ. ಅದನ್ನು ನಾನು ಚೆನ್ನಾಗಿ ಕೇಳಿಸಿಕೊಂಡಿದ್ದೆ, ಕೇಳಲಿಲ್ಲವೆಂದು ಸುಳ್ಳು ಹೇಳುವುದಿಲ್ಲ.

"ಯಾರೂ ಇಕಿಗೆ ಏನೂ ಹಾಕಬ್ಯಾಡ್ರಿ. ಇಕಿ ನನ್ನ ಕೈಯಾಗಿಂದಷ್ಟ ತಿಂತಾಳ. ಅದೂ ಮುಟ್ಟಿದ ಮ್ಯಾಲೆ."

ಮುಟ್ಟುವುದೆಂದರೆ ನಮ್ಮ ಕಡೆ ತಲುಪುವುದು. ಆತ ನಾಯಿಗೆ ದಾರಿ ಕಲಿಸಿದ್ದು ಇದೊಂದರಿಂದಲೇ. ಹೊಸ ದಾರಿಯಲ್ಲಿ ಮೊದಲ ಸಲ ಯಾರಾದರೂ ಜೊತೆಗೆ ಬರಬೇಕು. ಹೋಗಬೇಕಾದ ಜಾಗ ಮುಟ್ಟಿದ ಕೂಡಲೇ ಆತ ಕಿಸೆಯಿಂದ ಹೆಬ್ಬೆರಳಿನಷ್ಟು ರೊಟ್ಟಿಯ ಚೂರು ತೆಗೆದು ಕೊಡುತ್ತಿದ್ದ. ಮೂರು ಸಲ ಹಾಗೆ ಮಾಡಿದರೆ ಸಾಕು, ನಾಲ್ಕನೆಯ ಸಲ ನಾಯಿ ತಾನೇ ಕರೆದೊಯ್ದು ಅಲ್ಲಿ ಕೂತುಬಿಡುತ್ತಿತ್ತು. ದಾರಿಯಲ್ಲಿ ಕಲ್ಲೋ ಗುಂಡಿಯೋ ಅಡ್ಡ ಬಂದರೆ ನಿಲ್ಲುತ್ತಿತ್ತು. ಕೂತರೆ ಮುಟ್ಟಿದೆವು ಎಂದರ್ಥ. ಮನೆಯಿಂದ ಕಾಲುವೆಗೆ, ಕಾಲುವೆಯಿಂದ ಬಸ್ಸಿನ ಕಟ್ಟೆಗೆ, ಯರಗಟ್ಟಿಯಲ್ಲಿ ಇಳಿದು ಸಂತೆಯ ತನ್ನ ಜಾಗಕ್ಕೆ, ಎಲ್ಲ ಹೀಗೆಯೇ. ಆತ ಪುಂಡಿ ನಾರಿನ ಹಗ್ಗ ಹೊಸೆದು ಸಂತೆಯಲ್ಲಿ ಮಾರುತ್ತಿದ್ದ. ಎತ್ತಿನ ಮೂಗುದಾರಕ್ಕೆ ಆತನ ಹಗ್ಗವೇ ಬೇಕೆನ್ನುವವರಿದ್ದರು.

ನಮ್ಮ ವಾರ್ಡಿನಲ್ಲಿ ಪಾಯಖಾನೆ ಇರುವುದು ಆ ತುದಿಗೆ. ಆತನ ಹಾಸಿಗೆ ಈ ತುದಿಗೆ. ನಡುವೆ ಹದಿನಾಲ್ಕು ಹಾಸಿಗೆ, ನನ್ನ ಟೇಬಲ್ಲು, ಸಲಾಯಿನ್ನಿನ ಕಂಬಗಳು, ನೆಲದ ಮೇಲೆ ಮಲಗಿದ ಜೊತೆಗಾರರು. ನಾನು ಮೂರು ಸಲ ಜೊತೆಗೆ ನಡೆದೆ. ನಾಲ್ಕನೆಯ ಸಲ ಆತ, "ನೀವ ಕುಂದರ್ರಿ" ಎಂದ. "ನಡಿಯವ್ವಾ" ಎಂದು ನಾಯಿಗೆ ಹೇಳಿದ. ನಾಯಿ ಮಲಗಿದವರ ಕಾಲು ತಪ್ಪಿಸಿ, ಕಂಬ ತಪ್ಪಿಸಿ, ಸೀದಾ ಬಾಗಿಲಿಗೆ ಹೋಗಿ ಕೂತಿತು. ವಾರ್ಡಿಗೆ ವಾರ್ಡೇ ನೋಡುತ್ತಿತ್ತು. ಹಿಂದಿರುಗಿ ಬಂದು ಹಾಸಿಗೆಯ ಮೇಲೆ ಕುಳಿತಾಗ ಆತನ ಮುಖದಲ್ಲಿದ್ದ ನೆಮ್ಮದಿ ಈಗಲೂ ನನ್ನ ಕಣ್ಣ ಮುಂದಿದೆ. ಕಣ್ಣಿದ್ದ ಎಷ್ಟೋ ರೋಗಿಗಳು ಬೆಡ್‌ಪ್ಯಾನಿಗಾಗಿ ಕೂಗುವಾಗ ಪಡುವ ನಾಚಿಕೆ ನಾನು ಕಂಡವಳು. ಅದು ಈತನಿಗೆ ಬೇಕಾಗಿರಲಿಲ್ಲ.

ಇನ್ನು ನನ್ನ ತಪ್ಪಿನ ವಿಷಯ.

ನಮ್ಮ ಕಡೆ ರೊಟ್ಟಿ ಬಡಿಯುವಾಗ ಕಡೆಯದೊಂದು ನಾಯಿಗೆಂದು ತೆಗೆದಿಡುವುದು ರೂಢಿ. ಊಟ ಮಾಡುವಾಗ ನಾಯಿ ಎದುರಿಗೆ ಕೂತು ನೋಡಿದರೆ ಅದಕ್ಕೊಂದು ತುತ್ತು ಹಾಕದೆ ನಾವು ಉಣ್ಣುವುದಿಲ್ಲ. ಹಾಗೆ ಉಂಡದ್ದು ಮೈಗೆ ಹತ್ತುವುದಿಲ್ಲ ಎಂದು ನನ್ನವ್ವ ಹೇಳುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ ನಾನು ಟೇಬಲ್ಲಿನ ಮೇಲೆ ಡಬ್ಬಿ ಬಿಚ್ಚಿದೆ. ಜೋಳದ ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ. ಆತ ಊಟ ಮಾಡಿ ನಿದ್ದೆ ಹೋಗಿದ್ದ. ನಾಯಿ ಹಾಸಿಗೆಯ ಕೆಳಗಿನಿಂದ ನನ್ನನ್ನೇ ನೋಡುತ್ತಿತ್ತು. ಬೇಡಲಿಲ್ಲ, ಬಾಲ ಆಡಿಸಲಿಲ್ಲ, ಸುಮ್ಮನೆ ನೋಡುತ್ತಿತ್ತು. ಎರಡು ತುತ್ತು ತಿಂದೆ, ಮೂರನೆಯದನ್ನು ಡಬ್ಬಿಗೆ ವಾಪಸು ಇಟ್ಟೆ. ಒಂದು ಚೂರಿಗೆ ಏನಾಗುತ್ತದೆ ಎಂದುಕೊಂಡು ಚಟ್ನಿ ಹಚ್ಚಿ ಚಾಚಿದೆ. ಅದು ಬಂತು, ಟೇಬಲ್ಲಿನ ಬಳಿ ಕೂತಿತು, ತಿಂದಿತು.

ನಾನು ಹಾಕಿದ್ದನ್ನು ವಾರ್ಡಿನ ಹೆಂಗಸರೆಲ್ಲ ನೋಡಿದರು. ಸಿಸ್ಟರೇ ಹಾಕಿದ ಮೇಲೆ ಕೇಳುವವರಾರು? ಅವರೂ ಎರಡು ದಿನದಿಂದ ಅದೇ ಸಂಕಟ ಅನುಭವಿಸುತ್ತಿದ್ದವರು. ಅಂದು ಸಂಜೆಯ ಹೊತ್ತಿಗೆ ನಾಲ್ಕು ಹಾಸಿಗೆಗಳಿಂದ ಚೂರು ಬಿತ್ತು, ಮರುದಿನ ಒಂಬತ್ತರಿಂದ. ಒಬ್ಬಾಕೆ ಸಜ್ಜೆ ರೊಟ್ಟಿಗೆ ತುಪ್ಪ ಸವರಿ ಹಾಕಿದಳು. ಆತನಿಗೆ ಯಾರೂ ಹೇಳಲಿಲ್ಲ. ಹೇಳದೇ ಪುಣ್ಯ ಮಾಡುವುದರಲ್ಲಿ ನಾವೆಲ್ಲ ನಿಸ್ಸೀಮರು. ಪಕ್ಕದಲ್ಲೇ ಇದ್ದೂ ಹಾಕದವರೆಂದರೆ ಲಾರಿ ಓಡಿಸಿದ ಯಜಮಾನರು. ಅವರಿಗೆ ನಾಯಿ ಕಂಡರಾಗದು ಎಂದು ನಾನು ತಿಳಿದೆ.

ಐದನೆಯ ದಿನ ಬೆಳಿಗ್ಗೆ ಆತ ಪಾಯಖಾನೆಗೆಂದು ಎದ್ದ. ನಾಯಿ ನಡೆಯಿತು, ಹಿಂದಿನ ದಿನ ಚೂರು ಸಿಕ್ಕಿದ್ದ ಮೂರನೆಯ ಹಾಸಿಗೆಯ ಬಳಿ ಕೂತಿತು. ಆತ ಮುಟ್ಟಿದೆವೆಂದುಕೊಂಡು ಕಿಸೆಯಿಂದ ಚೂರು ತೆಗೆದು ಕೊಟ್ಟ, ಬಾಗಿಲ ಚಿಲಕಕ್ಕೆಂದು ಕೈ ಚಾಚಿದ. ಕೈ ಹೋಗಿ ಮಲಗಿದ್ದ ರೋಗಿಯ ಮುಖದ ಮೇಲೆ ಬಿತ್ತು. ಆ ರೋಗಿ ಕಿರುಚಿದ. ಕೆಲವರು ನಕ್ಕರು. ಆತ ತಡಬಡಿಸಿ ಹಿಂದೆ ಸರಿದಾಗ ಸಲಾಯಿನ್ನಿನ ಕಂಬ ತಗುಲಿ, ಕಂಬದೊಂದಿಗೆ ತಾನೂ ಬಿದ್ದ. ಗಾಯದ ಪಟ್ಟಿ ಕೆಂಪಾಯಿತು. ಅವಸರ ತಡೆಯಲಾರದೆ ಧೋತರವೂ ಒದ್ದೆಯಾಯಿತು. ನಾನು ಓಡಿಹೋಗಿ ಹಿಡಿದೆತ್ತಿದೆ.

ಅದೇ ಹೊತ್ತಿಗೆ ಆತನ ತಂಗಿ ಬಂದಳು. ಆತ ಇರುವುದು ಅವಳ ಮನೆಯಲ್ಲಿ. ಮಗಳ ಬಾಣಂತನ ಮುಗಿಸಿಕೊಂಡು ಅವತ್ತೇ ಊಟದ ಗಂಟು ಹೊತ್ತು ಬಂದಿದ್ದಳು. ಅಣ್ಣನ ಅವಸ್ಥೆ ನೋಡಿ ಗಂಟು ಕೆಳಗಿಟ್ಟು ಅತ್ತಳು, ಅತ್ತು ಮುಗಿಸಿ ಬೈಯಲು ಶುರು ಮಾಡಿದಳು.

"ಸಾಕ ಮಾಡಣ್ಣ. ನಾಳಿ ತಲಿ ಒಡಕೊಂಡ್ರ ಯಾರ್ ನೋಡ್ಬೇಕು? ಮನ್ಯಾಗ ಕುಂತ ಹಗ್ಗ ಹೊಸಿ, ಹುಡುಗೂರು ಒಯ್ದು ಮಾರಿ ಬರತಾರ. ಈ ನಾಯೀನ ಡ್ಯಾಮಿನ ಕಡೆ ಬಿಟ್ಟ ಬರಾಕ ಹೇಳ್ತೇನಿ."

ಅವಳು ಕೆಟ್ಟವಳಲ್ಲ. ಹೆದರಿಕೆಯಿಂದ ಆಡಿದ ಮಾತು. ಆತ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ. ಹಾಗೆಯೇ ಮೆಲ್ಲಗೆ ಮಾತಾಡಿದ.

"ಸಂತ್ಯಾಗ ಮಂದಿ ನನ್ನ ಹೆಸರ ಹಿಡದ ಕರೀತಾರ, ತಂಗಿ. ಹಗ್ಗ ಹೆಂಗೈತಿ, ಮಳಿ ಹೆಂಗಾಕ್ಕತಿ ಅಂತ ನನ್ನ ಕೇಳ್ತಾರ. ಮನ್ಯಾಗ ಕುಂತ್ರ, ಮಾಮಾ ಉಂಡಾನೇನು ಅಂತ ನೀವ್ ನೀವ ಕೇಳ್ಕೊತೀರಿ. ನನ್ನ ಯಾರೂ ಕೇಳೂದಿಲ್ಲ."

ನಾಯಿ ಹಾಸಿಗೆಯ ಕೆಳಗೆ ಮೂಲೆಗೆ ಸೇರಿತ್ತು. ಆತ ಕರೆದ. ಬಂತು. ಅದರ ಬಾಯಿ ಅಗಲಿಸಿ ಮೂಗು ಹತ್ತಿರ ಒಯ್ದು ವಾಸನೆ ತೆಗೆದುಕೊಂಡ. ಹಿಂದಿನ ಮಧ್ಯಾಹ್ನವೂ ನಾನು ಹಾಕಿದ್ದೆ, ಅಂದು ಬೆಳಿಗ್ಗೆ ನಾಷ್ಟಾದ ಹೊತ್ತಿಗೂ.

"ಶೇಂಗಾ ಚಟ್ನಿ," ಎಂದ. "ಬಳ್ಳೊಳ್ಳಿ ಜಾಸ್ತಿ."

ಎರಡನೆಯ ದಿನ ನಾನು ಆತನಿಗೂ ಆ ಚಟ್ನಿ ಕೊಟ್ಟಿದ್ದೆ. ಚಲೋ ಆಗೇತಿ, ಬಳ್ಳೊಳ್ಳಿ ಒಂದೀಟು ಜಾಸ್ತಿ ಎಂದು ಆಗ ಹೇಳಿದ್ದ. ಆತ ನನ್ನ ಹೆಸರು ಎತ್ತಲಿಲ್ಲ. ತಲೆ ಸವರಿ ನಾಯಿಯನ್ನು ಕೆಳಗೆ ಕಳಿಸಿದ. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ ಆಡಿ ಹಗುರಾಗುತ್ತಿದ್ದೆ. ಆತ ಬೈಯಲಿಲ್ಲವಲ್ಲ, ಅದೇ ಕಷ್ಟವಾಯಿತು.

ಡಾಕ್ಟರು ರೌಂಡಿಗೆ ಬಂದ. ಗಾಯ ನೋಡಿ ಸಿಟ್ಟಾದ. "ನಾನು ಮೊದಲೇ ಹೇಳಿದ್ದೆ. ಇವತ್ತೇ ನಾಯಿ ಹೊರಗೆ ಹೋಗಬೇಕು" ಎಂದ. ನಾನು ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ನಾಯಿ ಹೋಗುತ್ತಿತ್ತು, ತಂಗಿ ಸಮಾಧಾನವಾಗುತ್ತಿದ್ದಳು, ನನ್ನ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ. ಅರ್ಧ ನಿಮಿಷ ಸುಮ್ಮನಿದ್ದೆ ಕೂಡ. ಅದನ್ನೂ ಹೇಳಿಬಿಡುತ್ತೇನೆ.

"ತಪ್ಪ ನಾಯೀದಲ್ರಿ ಸಾಹೇಬ್ರ, ನಂದು. ಹಾಕಬ್ಯಾಡ ಅಂದ್ರೂ ನಾ ರೊಟ್ಟಿ ಹಾಕಿದೆ. ನನ್ನ ನೋಡಿ ಎಲ್ಲಾರೂ ಹಾಕಿದ್ರು" ಎಂದೆ.

"ಒಂದು ತುಂಡು ರೊಟ್ಟಿಗೆ ಇಷ್ಟೆಲ್ಲಾನಾ?" ಎಂದು ಡಾಕ್ಟರು ಕೇಳಿದ. ನಾನು ವಿವರಿಸುವ ಮೊದಲೇ ಪಕ್ಕದ ಹಾಸಿಗೆಯ ಯಜಮಾನರು ಬಾಯಿ ಹಾಕಿದರು.

"ಸಾಹೇಬ್ರ, ನಾ ಮೂವತ್ತೈದ ವರ್ಸ ಲಾರಿ ಹೊಡದೇನಿ. ಸ್ಟೇರಿಂಗ್ ಹಿಡದವನ ಬಾಯಾಗ ಯಾರರ ತುತ್ತ ಇಡತಾರೇನ್ರಿ? ಇದು ಡೂಟಿ ಮ್ಯಾಲಿರೋ ನಾಯಿ. ನಾ ಅದಕ್ಕ ಹಾಕಲಿಲ್ಲ."

ಹೆಂಗಸರು ಸೆರಗು ಸರಿಮಾಡಿಕೊಂಡರು. ನಾಯಿ ಕಂಡರಾಗದು ಎಂದು ನಾನು ತಿಳಿದಿದ್ದ ಮನುಷ್ಯ, ನಮ್ಮೆಲ್ಲರಿಗಿಂತ ಚೆನ್ನಾಗಿ ಅದನ್ನು ತಿಳಿದುಕೊಂಡಿದ್ದರು. ಡಾಕ್ಟರು ಕೇಸ್ ಶೀಟಿನ ಮೇಲೆ ಪೆನ್ನು ಬಡಿಯುತ್ತ ನಿಂತ. ಆಮೇಲೆ, "ಶನಿವಾರ ಡಿಸ್ಚಾರ್ಜ್. ಅಲ್ಲಿವರೆಗೆ ಇರಲಿ. ಇನ್ನೊಂದು ಸಲ ಬಿದ್ದರೆ ನಾಯಿ ಹೊರಗೆ, ನೀವು ನನಗೆ ವಿವರಣೆ ಬರೆದುಕೊಡಬೇಕು ಸಿಸ್ಟರ್" ಎಂದ.

ತಂಗಿಯೂ ಒಂದು ಮಾತಿಗೆ ಒಪ್ಪಿದಳು. ಶನಿವಾರ ಅವಳು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಾಳೆ. ಅಣ್ಣ ಯಾರ ಕೈಯನ್ನೂ ಹಿಡಿಯದೆ ನಾಯಿಯೊಂದಿಗೆ ಅಲ್ಲಿಗೆ ಬಂದರೆ ಇನ್ನು ಮೇಲೆ ಸಂತೆಯ ಬಗ್ಗೆ ಚಕಾರ ಎತ್ತುವುದಿಲ್ಲ. ಬರದಿದ್ದರೆ ನಾಯಿ ಡ್ಯಾಮಿನ ಕಡೆಗೆ. ಆತ ಹಗ್ಗದ ಗಂಟು ಸವರುತ್ತ ಹೂಂ ಎಂದ.

ಐದು ದಿನ ಉಳಿದಿತ್ತು. ರೊಟ್ಟಿ ಹಾಕಬೇಡಿ ಎಂದು ನಾನು ವಾರ್ಡಿಗೆಲ್ಲ ಗದರಿ ಹೇಳಿದೆ. ಗದರುವುದು ಸುಲಭ. ಆದರೆ ನಾಯಿ ನೋಡುವುದನ್ನು ಬಿಡಬೇಕಲ್ಲ. ಒಬ್ಬ ಮುದುಕಿ ಎರಡು ಹೊತ್ತು ಉಪವಾಸವೇ ಕೂತಳು, ಮಗನ ಪಕ್ಕದಲ್ಲಿ ಬುತ್ತಿ ಮುಚ್ಚಿಟ್ಟುಕೊಂಡು. "ಮೂಕ ಪ್ರಾಣಿ ನೋಡಾಕತ್ತೈತಿ, ಹೆಂಗ ಉಣ್ಣಲಿ" ಎಂದು ನನ್ನನ್ನೇ ಕೇಳಿದಳು. ಅದನ್ನು ಕೇಳಿಸಿಕೊಂಡ ಆತ ಕಡೆಯ ಹಾಸಿಗೆಯಿಂದಲೇ ದಾರಿ ಹೇಳಿದ.

"ಅಕಿ ಪಾಲು ತಗದ ನನ್ನ ಡಬ್ಬ್ಯಾಗ ಹಾಕ್ರಿ ಅವ್ವಾರ. ನಿಮಗ ಹಾಕಿದಂಗೂ ಆತು, ಅಕಿ ಮುಟ್ಟಿದ ಮ್ಯಾಲೆ ತಿಂದಂಗೂ ಆತು."

ಅಂದಿನಿಂದ ಊಟದ ಹೊತ್ತಿಗೆ ಒಂದು ಮೆರವಣಿಗೆ. ಪ್ರತಿ ಹಾಸಿಗೆಯಿಂದ ಒಬ್ಬೊಬ್ಬರು ಎದ್ದು ಬಂದು, ನಾಯಿಯ ಕಡೆ ನೋಡದೆ, ಆತನ ಸ್ಟೀಲಿನ ಡಬ್ಬಿಯಲ್ಲಿ ಚೂರು ಹಾಕಿ ಹೋಗುತ್ತಿದ್ದರು. ಆಮೇಲೆ ನೆಮ್ಮದಿಯಿಂದ ಉಣ್ಣುತ್ತಿದ್ದರು. ಮುದುಕಿಯೂ ಉಂಡಳು. ಡಬ್ಬಿ ತುಂಬಿ ಮುಚ್ಚಳ ಕೂರದಾಯಿತು. "ಇಷ್ಟ ರೊಟ್ಟಿಗೆ ಇಕಿ ನನ್ನ ಬೆಂಗಳೂರಿಗೆ ಒಯ್ಯಬೇಕಾಕ್ಕತಿ" ಎಂದು ಆತ ನಕ್ಕ. ಬಿದ್ದ ಮೇಲೆ ಆತ ನಕ್ಕದ್ದು ಅದೇ ಮೊದಲು. ಉಳಿದದ್ದನ್ನು ವರಾಂಡದ ಕಟ್ಟೆಯ ಮೇಲೆ ಗುಬ್ಬಿಗಳಿಗೆ ಹಾಕುತ್ತಿದ್ದೆವು.

ನಡೆಯುವುದನ್ನೂ ಮೊದಲಿನಿಂದ ಕಲಿಸಬೇಕಾಯಿತು. ಗಾಯದ ಕಾಲಿಗೆ ಹೆಚ್ಚು ಭಾರ ಬೀಳಬಾರದು, ಹಾಗಾಗಿ ದಿನಕ್ಕೆ ಪಾಯಖಾನೆಗೆ ಹೋಗುವಷ್ಟೇ ನಡಿಗೆ. ಮೊದಲ ದಿನ ನಾಯಿ ಒಂಬತ್ತು ಹಾಸಿಗೆಗಳ ಬಳಿಯೂ ಕೂತಿತು. ಆತ ಏನೂ ಕೊಡದೆ, ಬೈಯದೆ, "ನಡಿಯವ್ವಾ" ಎಂದಷ್ಟೇ ಹೇಳಿ ಕಾಯುತ್ತಿದ್ದ. ನಾನು ಮೂರು ಹೆಜ್ಜೆ ಹಿಂದೆ, ಬಿದ್ದರೆ ಹಿಡಿಯಲು. ಒಂದು ಸಲ ಎಷ್ಟು ಹೊತ್ತಾಯಿತೆಂದರೆ ಕಡೆಗೆ ಆತನೇ ನನ್ನ ಕೈ ಕೇಳಿದ. ಕೇಳುವಾಗ ಧ್ವನಿ ಬೇರೆಯಾಗಿತ್ತು. ಮೂರನೆಯ ದಿನ ನಾಲ್ಕು ಕಡೆ ಕೂತಿತು. ಅದರ ಮರುದಿನ ಇದ್ದಕ್ಕಿದ್ದಂತೆ ಮತ್ತೆ ಆರು ಕಡೆ. ಯಾರೋ ಹೊಸ ಜೊತೆಗಾರರು ಗೊತ್ತಿಲ್ಲದೆ ಚೂರು ಹಾಕಿದ್ದರು, ಆ ಮುದುಕಿ ಅವರನ್ನು ಹಿಡಿದು ಝಾಡಿಸಿದಳು. ಶುಕ್ರವಾರ ಸಂಜೆ ಎಲ್ಲ ಹಾಸಿಗೆಗಳನ್ನೂ ದಾಟಿತು. ಒಂದು ಕಡೆ ಮಾತ್ರ ಕೂತಿತು. ನನ್ನ ಟೇಬಲ್ಲಿನ ಬಳಿ.

ನಾನು ಸ್ಟೋರ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಉಣ್ಣತೊಡಗಿ ನಾಲ್ಕು ದಿನವಾಗಿತ್ತು. ಚಟ್ನಿ ತರುವುದನ್ನೇ ಬಿಟ್ಟಿದ್ದೆ. ಆದರೂ ಅದು ನನ್ನ ಟೇಬಲ್ಲಿನ ಬಳಿ ಕೂತು ನನ್ನ ಮುಖ ನೋಡಿತು. ಬೇಡ, ನಡಿ ಎಂದು ಗದರಬೇಕೆಂದು ಬಾಯಿ ತೆರೆದೆ, ಗದರಲಾಗಲಿಲ್ಲ. ಈ ಬಾಯಿಗೂ ಅಂಥ ಹೊತ್ತು ಬಂತು. ಆತ ಸುಮ್ಮನೆ ಕಾದು, ಮತ್ತೆ ಹೊರಡಿಸಿಕೊಂಡು ಹೋದ.

ಶನಿವಾರ ಬಿಡುಗಡೆಯ ಕಾಗದ ಕೈಗೆ ಬರುವ ಹೊತ್ತಿಗೆ ಮಧ್ಯಾಹ್ನ. ಗಾಯ ಮುಚ್ಚುತ್ತ ಬಂದಿತ್ತು, ಕಾಲಿಗೆ ಮೆತ್ತನೆಯ ಹೊಸ ಚಪ್ಪಲಿ ಹಾಕಿಸಿದ್ದೆವು. ತಂಗಿ ಗಂಟು ಹೊತ್ತು ಮುಂದೆ ಹೋದಳು. ಬಸ್ ಸ್ಟ್ಯಾಂಡು ದೂರವಿಲ್ಲ. ಗೇಟು, ಆಚೆ ಭಜಿಯ ಅಂಗಡಿ, ಒಂದು ಬೇವಿನ ಮರ, ರಸ್ತೆ ದಾಟಿದರೆ ಯರಗಟ್ಟಿಯ ಬಸ್ಸು ನಿಲ್ಲುವ ಕಟ್ಟೆ. ಶುಗರಿನ ಗುಳಿಗೆ ಒಯ್ಯಲು ಬಂದಾಗಲೆಲ್ಲ ನಾಯಿ ನಡೆದ ದಾರಿಯೇ. ಆತ ನಾಯಿಯ ಕೊರಳಿನ ಪಾಸು ಬಿಚ್ಚಿ ನನ್ನ ಕೈಗಿಟ್ಟ. "ನೀವ ಬರಬ್ಯಾಡ್ರಿ ಬಾಯಾರ, ಇಲ್ಲೇ ಇರ್ರಿ" ಎಂದ. ಇಲ್ಲೇ ಇರುತ್ತೇನೆ ಎಂದೆ.

ಇರಲಿಲ್ಲ. ನನ್ನ ಸ್ವಭಾವವೇ ಅಂಥದು, ಬೇಡವೆಂದದ್ದನ್ನು ಮಾಡದಿದ್ದರೆ ಕೈಕಾಲು ತುರಿಸುತ್ತವೆ. ರಸ್ತೆಯಲ್ಲಿ ಲಾರಿಗಳು ಓಡಾಡುತ್ತವೆ, ಬಿದ್ದರೆ? ಚಪ್ಪಲಿಯ ಸಪ್ಪಳ ಆತನಿಗೆ ತಿಳಿಯುತ್ತದೆಂದು ಅದನ್ನು ಟೇಬಲ್ಲಿನ ಕೆಳಗೇ ಬಿಟ್ಟು ಬರಿಗಾಲಲ್ಲಿ ಹಿಂದೆ ಹೊರಟೆ. ದೊಡ್ಡ ಜಾಣತನ ಮಾಡಿದೆನೆಂದು ನನಗೆ ನನ್ನ ಮೇಲೆಯೇ ಮೆಚ್ಚುಗೆ. ಗೇಟಿನ ಆಚೆ ಡಾಂಬರು ಕಾದ ಹಂಚಿನಂತೆ ಸುಡುತ್ತಿತ್ತು.

ಗೇಟಿನಲ್ಲಿ ನಾಯಿ ನಿಂತು ಹಿಂದೆ ನೋಡಿತು. ಆತ "ನಡಿಯವ್ವಾ" ಎಂದ, ನಡೆಯಿತು. ಭಜಿಯ ಅಂಗಡಿಯ ಮುಂದೆ ಮಂದಿ ತಿನ್ನುತ್ತ ನಿಂತಿದ್ದರು. ಅಲ್ಲಿ ಕೂತೇ ಬಿಡುತ್ತದೆ ಎಂದುಕೊಂಡೆ. ಅಂಗಡಿಯ ಕಡೆ ತಿರುಗಿಯೂ ನೋಡಲಿಲ್ಲ, ದಾಟಿತು. ಬೇವಿನ ಮರದ ಬಳಿ ಮಾತ್ರ ಕೂತುಬಿಟ್ಟಿತು. ಕೂತು, ಕತ್ತು ತಿರುಗಿಸಿ, ನೇರ ನನ್ನನ್ನೇ ನೋಡಿತು.

ಆಗ ನನಗೆ ತಿಳಿಯಿತು. ಅದು ಕೂತದ್ದು ಮರಕ್ಕಲ್ಲ, ನನಗಾಗಿ. ರಸ್ತೆಯ ಆಚೆ ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾನು ಬಂದದ್ದರಿಂದಲೇ ಆತ ಸೋಲುತ್ತಿದ್ದ. ಆತನನ್ನು ಎರಡನೆಯ ಸಲ ಬೀಳಿಸುತ್ತಿದ್ದೇನೆ ಎಂದು ಅನ್ನಿಸಿ ಕಣ್ಣಲ್ಲಿ ನೀರು ಬಂತು. ನಾಯಿಗೆ ಬೆನ್ನು ಮಾಡಿ ನಿಂತೆ. ಸುಡುವ ಡಾಂಬರಿನ ಮೇಲೆ, ಆಸ್ಪತ್ರೆಯ ಕಡೆ ಮುಖ ಮಾಡಿ, ಅಲುಗಾಡದೆ. ಕಾಲು ಬೇಯುತ್ತಿದ್ದವು. ಭಜಿಯ ಅಂಗಡಿಯವರೆಲ್ಲ ಈ ಸಿಸ್ಟರಿಗೆ ಏನಾಯಿತು ಎಂದು ನೋಡುತ್ತಿದ್ದರು. ನೋಡಲಿ ಎಂದು ನಿಂತೆ.

ಹಿಂದೆ ಆತನ ಧ್ವನಿ ಕೇಳಿಸಿತು, ಅವಸರವಿಲ್ಲದ ಧ್ವನಿ. "ನಡಿಯವ್ವಾ." ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೋಲಿನ ಸಪ್ಪಳ. ಒಂದು ಲಾರಿ ಹಾಯ್ದು ಹೋಯಿತು. ಸಪ್ಪಳ ನಿಂತಿತು, ಮತ್ತೆ ಶುರುವಾಯಿತು, ದೂರವಾಯಿತು. ನಾನು ತಿರುಗಲಿಲ್ಲ.

"ಬಂದ್ಯಾ ಅಣ್ಣಾ" ಎಂದು ತಂಗಿ ಅತ್ತ ಮೇಲೆಯೇ ತಿರುಗಿದ್ದು. ಆತ ಕಟ್ಟೆಯ ಮೇಲೆ ಕುಳಿತಿದ್ದ. ನಾಯಿ ಕಾಲ ಬಳಿ ಕೂತಿತ್ತು. ಡಬ್ಬಿ ತೆಗೆದು, ಒಂದು ಚೂರು ಮುರಿದು ಅದರ ಬಾಯಿಗಿಟ್ಟ. ಆಮೇಲೆ ಇನ್ನೊಂದು ಚೂರು ಮುರಿದು, ರಸ್ತೆಯ ಈ ಕಡೆಗೆ, ನಾನಿದ್ದ ಕಡೆಗೆ ಸರಿಯಾಗಿ ಕೈ ಚಾಚಿದ.

"ಬರ್ರಿ ಬಾಯಾರ, ಕಾಲ ಸುಟ್ಟಿರಬೇಕು. ಕಡೀಕ ಅಕಿ ವಾರ್ಡಿನ್ಯಾಗ ಒಂದ ಕಡೆ ಕುಂದರತಿದ್ಲು. ಆ ಜಾಗ ಇವತ್ತ ನಮ್ಮ ಹಿಂದ ನಡಕೊಂತ ಬರಾಕತ್ತೇತಿ ಅಂತ, ಗೇಟಿನ್ಯಾಗ ಅಕಿ ಹಿಂದ ಹೊಳ್ಳಿ ನಿಂತಾಗ ತಿಳೀತು."

ನಾನು ರಸ್ತೆ ದಾಟಿದೆ. ತಪ್ಪಾತ್ರಿ ಎಂದೆ, ಅಷ್ಟೇ ಬಂತು.

"ಇರಲಿ, ತಗೋರಿ" ಎಂದ ಆತ. "ನೀವೂ ಮುಟ್ಟೀರಿ."

ಯಾರ ಮನೆಯ ರೊಟ್ಟಿಯೋ, ಒಣಗಿ ಗಟ್ಟಿಯಾಗಿತ್ತು. ಬರಿಗಾಲಲ್ಲಿ ಕಟ್ಟೆಯ ನೆರಳಿನಲ್ಲಿ ನಿಂತು, ನಾಯಿ ನೋಡುತ್ತಿದ್ದಂತೆಯೇ, ಅದಕ್ಕೆ ಒಂದು ಚೂರೂ ಕೊಡದೆ ಪೂರ್ತಿ ತಿಂದೆ.